ಒಂದು ಕ್ರ್ಯಾಕ್ ಪ್ರತಿ ಮತ್ತು 23 ದಿನಗಳು: ಯುರೋಪಿನ ಸಂಶೋಧನಾ ಸಂಸ್ಥೆಯೊಂದರ ಪ್ರಕರಣ ಅಧ್ಯಯನ

2021ರ ಮೇ ತಿಂಗಳಲ್ಲಿ ಬ್ರಿಟನ್ನಿನ ಕಂಪ್ಯೂಟರ್ ಭದ್ರತಾ ಕಂಪನಿ ಸೋಫೋಸ್, ತನ್ನ ತುರ್ತು ತನಿಖಾ ತಂಡ ಕೈಗೆತ್ತಿಕೊಂಡಿದ್ದ ಪ್ರಕರಣವೊಂದರ ವಿವರಗಳನ್ನು ಪ್ರಕಟಿಸಿತು. ಹಾನಿಗೆ ಒಳಗಾದದ್ದು ಯುರೋಪಿನ ಒಂದು ಜೈವಿಕ ಅಣು ಸಂಶೋಧನಾ ಸಂಸ್ಥೆ. ಕೋವಿಡ್-19ಕ್ಕೆ ಸಂಬಂಧಿಸಿದ ಸಂಶೋಧನೆ ಅಲ್ಲಿ ನಡೆಯುತ್ತಿತ್ತು. ಸಂಸ್ಥೆಯ ಹೆಸರನ್ನಾಗಲಿ, ಅದು ಯಾವ ದೇಶದ್ದೆಂಬುದನ್ನಾಗಲಿ, ಹಣ ತೆತ್ತು ಕೊಳ್ಳಬೇಕಾದ ತಂತ್ರಾಂಶದ ಅನಧಿಕೃತ ಪ್ರತಿಯನ್ನು ಹುಡುಕಿ ಪ್ರಕರಣಕ್ಕೆ ಮೂಲವಾದ ವಿದ್ಯಾರ್ಥಿಯ ಗುರುತನ್ನಾಗಲಿ ತನಿಖಾಧಿಕಾರಿಗಳು ಹೊರಗೆಡವಲಿಲ್ಲ. ಹಾಗೆ ಮಾಡಿದ್ದು ಸರಿಯೇ. ಆದರೆ ಘಟನೆ ಯಾವ ಕ್ರಮದಲ್ಲಿ ನಡೆಯಿತು, ಯಾವ ಹಂತದಲ್ಲಿ ಎಷ್ಟು ದಿನ ಕಳೆದವು, ಎಲ್ಲೆಲ್ಲಿ ಅದನ್ನು ತಡೆಯಬಹುದಾಗಿತ್ತು ಎಂಬುದನ್ನು ಅವರು ಬಿಡಿಸಿ ಹೇಳಿದರು. ಅನಧಿಕೃತ ತಂತ್ರಾಂಶದ ಅಪಾಯವನ್ನು ಕುರಿತು ನಾನು ಓದಿದವುಗಳಲ್ಲಿ ಇಷ್ಟು ಸ್ಪಷ್ಟವಾದ ಇನ್ನೊಂದು ಉದಾಹರಣೆ ಇಲ್ಲ.

ಕರ್ನಾಟಕದ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿರುವ ನನಗೆ ಈ ಪ್ರಕರಣ ದೂರದ ಸುದ್ದಿಯಾಗಿ ಕಾಣಲಿಲ್ಲ. ಅಲ್ಲಿನ ವಿದ್ಯಾರ್ಥಿ ಮಾಡಿದ್ದನ್ನೇ ನಮ್ಮ ವಿದ್ಯಾರ್ಥಿಗಳೂ ಮಾಡುತ್ತಾರೆ, ಅದೇ ಕಾರಣಕ್ಕಾಗಿ ಮಾಡುತ್ತಾರೆ. ಆ ಸಂಸ್ಥೆಯಲ್ಲಿ ಇರಬೇಕಾಗಿದ್ದು ಇಲ್ಲದೆಹೋದ ವ್ಯವಸ್ಥೆ ನಮ್ಮಲ್ಲಿಯೂ ಬಹುತೇಕ ಕಡೆ ಇಲ್ಲ.

ಪ್ರಶ್ನೆಯಿಂದ ಶುರುವಾದದ್ದು

ಆ ಸಂಸ್ಥೆ ಸ್ಥಳೀಯ ವಿಶ್ವವಿದ್ಯಾಲಯಗಳ ಜೊತೆಗೂಡಿ ಕೆಲಸ ಮಾಡುತ್ತಿತ್ತು ಮತ್ತು ಹಲವು ಕಾರ್ಯಕ್ರಮಗಳಡಿ ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡಿತ್ತು. ಸಂಸ್ಥೆಯ ಕಂಪ್ಯೂಟರ್ ಜಾಲವನ್ನು ಅವರು ಸಿಟ್ರಿಕ್ಸ್ ಎಂಬ ದೂರಸಂಪರ್ಕ ವ್ಯವಸ್ಥೆಯ ಮೂಲಕ ತಮ್ಮ ಸ್ವಂತ ಲ್ಯಾಪ್‌ಟಾಪುಗಳಿಂದಲೇ ಪ್ರವೇಶಿಸಬಹುದಾಗಿತ್ತು. ಹೀಗೆ ಹೊರಗಿನಿಂದ ಬರುವವರಿಗೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇದ್ದರೆ ಸಾಕಿತ್ತು. ಮೊಬೈಲಿಗೆ ಬರುವ ಸಂಕೇತ ಸಂಖ್ಯೆಯನ್ನೋ ಮತ್ತೊಂದು ಪುರಾವೆಯನ್ನೋ ಕೇಳುವ ಎರಡನೆಯ ಹಂತದ ದೃಢೀಕರಣ ಅಲ್ಲಿರಲಿಲ್ಲ.

ಈ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ದತ್ತಾಂಶವನ್ನು ಚಿತ್ರರೂಪದಲ್ಲಿ ತೋರಿಸುವ ತಂತ್ರಾಂಶವೊಂದು ತಮ್ಮ ಲ್ಯಾಪ್‌ಟಾಪಿನಲ್ಲಿ ಬೇಕಾಯಿತು. ಕೆಲಸದಲ್ಲಿ ಅದನ್ನು ಆಗಲೇ ಬಳಸುತ್ತಿದ್ದರು, ಅದು ಕೈಗೆ ಒಗ್ಗಿತ್ತು. ಆದರೆ ಒಬ್ಬರೇ ಬಳಸುವ ಪರವಾನಗಿಗೆ ವರ್ಷಕ್ಕೆ ನೂರಾರು ಡಾಲರ್ ಕೊಡಬೇಕಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಹತ್ತಾರು ಸಾವಿರ ರೂಪಾಯಿ, ಅದೂ ಪ್ರತಿ ವರ್ಷ. ಆದ್ದರಿಂದ ಅವರು ಮೊದಲು ಮಾಡಿದ ಕೆಲಸವೆಂದರೆ, ಇದಕ್ಕೆ ಬದಲಾಗಿ ಬಳಸಬಹುದಾದ ಉಚಿತ ತಂತ್ರಾಂಶ ಯಾವುದಾದರೂ ಇದೆಯೇ ಎಂದು ಅಂತರಜಾಲದಲ್ಲಿ ಇತರ ಸಂಶೋಧಕರನ್ನು ಕೇಳಿದ್ದು.

ಪ್ರಕರಣವನ್ನು ಹೇಳುವವರು ಈ ಹಂತವನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದೇ ಅತ್ಯಂತ ಮುಖ್ಯವಾದ ಹಂತವಾಗಿ ಕಾಣುತ್ತದೆ. ಆ ವಿದ್ಯಾರ್ಥಿ ಕದಿಯಲು ಹೊರಟವರಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಕೇಳಿದ್ದು ಮಾತ್ರ ಅಪರಿಚಿತರನ್ನು. ಸಂಸ್ಥೆಯ ಕೆಲಸಕ್ಕೇ ಬೇಕಾದ ತಂತ್ರಾಂಶವನ್ನು ಸಂಸ್ಥೆಯ ಪರವಾನಗಿಯಡಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಡಲು ಸಾಧ್ಯವೇ ಎಂದು ಸಂಸ್ಥೆಯ ಒಳಗೇ ಕೇಳುವ ಒಂದು ಜಾಗ, ಒಬ್ಬ ವ್ಯಕ್ತಿ, ಒಂದು ಅರ್ಜಿ ನಮೂನೆ ಎದ್ದು ಕಾಣುವಂತಿದ್ದರೆ ಕಥೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಇತ್ತು. ತಕ್ಕ ಉತ್ತರ ಸಿಗದೆಹೋದಾಗ ವಿದ್ಯಾರ್ಥಿ ಅದೇ ತಂತ್ರಾಂಶದ ಕ್ರ್ಯಾಕ್ ಮಾಡಿದ ಪ್ರತಿಯನ್ನು, ಎಂದರೆ ಪರವಾನಗಿ ಪರೀಕ್ಷೆಯನ್ನು ಮುರಿದು ಹಂಚಲಾಗುವ ಪ್ರತಿಯನ್ನು, ಹುಡುಕತೊಡಗಿದರು. ಸಿಕ್ಕಿತು ಎಂದೇ ತಿಳಿದರು.

ಎಚ್ಚರಿಕೆಯನ್ನು ಅಡಗಿಸಿದ ಗಳಿಗೆ

ಇಳಿಸಿಕೊಂಡ ಕಡತವನ್ನು ತೆರೆದ ಕೂಡಲೇ ವಿಂಡೋಸಿನ ಜೊತೆಯಲ್ಲೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಅದನ್ನು ಗುರುತಿಸಿ ತಡೆಯಿತು. ಅದರೊಳಗೆ ಬೇಕಾದ ತಂತ್ರಾಂಶ ಇರಲೇ ಇಲ್ಲ. ಇದ್ದದ್ದು ಪೂರ್ತಿ ಕುತಂತ್ರಾಂಶ. ಕಂಪ್ಯೂಟರಿನ ಕಾವಲು ವ್ಯವಸ್ಥೆ ತಾನು ಮಾಡಬೇಕಾದ ಕೆಲಸವನ್ನು ಸರಿಯಾದ ಸಮಯಕ್ಕೆ ಸರಿಯಾಗಿಯೇ ಮಾಡಿತ್ತು. ವಿದ್ಯಾರ್ಥಿ ಡಿಫೆಂಡರನ್ನು ಆಫ್ ಮಾಡಿದರು. ತನಿಖೆಯ ಪ್ರಕಾರ ಅದರ ಜೊತೆಯಲ್ಲಿಯೇ ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನೂ ಆಫ್ ಮಾಡಿದಂತೆ ಕಾಣುತ್ತದೆ. ಎರಡನೆಯ ಸಲ ತೆರೆದಾಗ ಯಾವ ಅಡ್ಡಿಯೂ ಬರಲಿಲ್ಲ.

ಓದಿಕೊಂಡವರು, ಸಂಶೋಧನೆಯಲ್ಲಿ ತೊಡಗಿದವರು ಹೀಗೇಕೆ ಮಾಡುತ್ತಾರೆ ಎಂಬುದಕ್ಕೆ ಉತ್ತರ ನಮ್ಮ ಪ್ರಯೋಗಾಲಯದ ಮೇಜಿನ ಮೇಲೆಯೇ ನನಗೆ ಸಿಕ್ಕಿದೆ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ತಂದಿದ್ದಳು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪಾಸ್‌ವರ್ಡ್ ಹಾಕಿದ ಒಂದು ಜಿಪ್ ಕಡತವಿತ್ತು. ಪಕ್ಕದಲ್ಲಿಯೇ ಇದ್ದ ನೋಟ್‌ಪ್ಯಾಡ್ ಕಡತದಲ್ಲಿ ಆ ಪಾಸ್‌ವರ್ಡ್ 1234 ಎಂದು ಬರೆದಿತ್ತು. ಅದರ ಕೆಳಗಿನ ಮೊದಲ ಸೂಚನೆ ಆಂಟಿವೈರಸ್ ಆಫ್ ಮಾಡಿ ಎಂಬುದು. ಎರಡನೆಯದು, ಎಚ್ಚರಿಕೆ ಬಂದರೆ ಅದು ಸುಳ್ಳು, ಹೆದರಬೇಡಿ ಎಂಬುದು. ಪಾಸ್‌ವರ್ಡನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಮೇಲೆ ಜಿಪ್ ಕಡತಕ್ಕೆ ಬೀಗ ಹಾಕುವ ಅಗತ್ಯವೇನು ಎಂದು ಕೇಳಿದೆ. ಅವಳಿಗೆ ತಿಳಿಯಲಿಲ್ಲ. ಆ ಬೀಗ ಮನುಷ್ಯರನ್ನು ತಡೆಯಲು ಹಾಕಿದ್ದಲ್ಲ. ಬೀಗ ಹಾಕಿದ ಜಿಪ್ ಕಡತದ ಒಳಗೇನಿದೆ ಎಂದು ಬ್ರೌಸರ್ ಆಗಲಿ, ಇಮೇಲ್ ಸೇವೆಯಾಗಲಿ, ಆಂಟಿವೈರಸ್ ಆಗಲಿ ಇಳಿಸಿಕೊಳ್ಳುವ ಹೊತ್ತಿನಲ್ಲಿ ನೋಡಲಾರದು, ಅದಕ್ಕಾಗಿಯೇ ಹಾಕಿದ್ದು.

"ಸರ್, ಆಂಟಿವೈರಸ್ ಆಫ್ ಮಾಡಿದರೇನೇ ಇದು ಇನ್‌ಸ್ಟಾಲ್ ಆಗೋದು ಅಂತ ಸೀನಿಯರ್ ಹೇಳಿದ್ರು. ಎಲ್ಲರೂ ಹಾಗೇ ಮಾಡ್ತಾರೆ ಸರ್," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ, ಎಲ್ಲರೂ ಹಾಗೆಯೇ ಮಾಡುತ್ತಾರೆ.

ಈ ಅಭ್ಯಾಸ ಬೆಳೆದ ಬಗೆಯನ್ನು ಅರ್ಥಮಾಡಿಕೊಳ್ಳಲು ವಿಂಡೋಸ್ ಮತ್ತು ಆಫೀಸ್ ತಂತ್ರಾಂಶಗಳನ್ನು ಸಕ್ರಿಯಗೊಳಿಸುವ ಅನಧಿಕೃತ ಸಾಧನಗಳ ಕಡೆಗೆ ಸ್ವಲ್ಪ ತಿರುಗಬೇಕು. ದೊಡ್ಡ ಸಂಸ್ಥೆಗಳಿಗಾಗಿ ಮೈಕ್ರೋಸಾಫ್ಟ್ ಕೆಎಂಎಸ್ ಎಂಬ ವ್ಯವಸ್ಥೆಯನ್ನು ಮಾಡಿದೆ. ಸಾವಿರ ಕಂಪ್ಯೂಟರುಗಳಿರುವ ಕಚೇರಿಯಲ್ಲಿ ಪ್ರತಿಯೊಂದೂ ಮೈಕ್ರೋಸಾಫ್ಟಿನ ಸರ್ವರನ್ನು ನೇರವಾಗಿ ಸಂಪರ್ಕಿಸುವ ಬದಲು, ಕಚೇರಿಯ ಒಳಗೇ ಇರುವ ಒಂದು ಸರ್ವರನ್ನು ಕೇಳಿ ಸಕ್ರಿಯಗೊಳ್ಳುತ್ತದೆ. ವಿಂಡೋಸ್ ಕಂಪ್ಯೂಟರುಗಳಿಗೆ ಈ ಸೌಲಭ್ಯ ಸಿಗಬೇಕಾದರೆ ಜಾಲದಲ್ಲಿ ಕನಿಷ್ಠ 25 ಕಂಪ್ಯೂಟರುಗಳಿರಬೇಕು. ಹೀಗೆ ಸಿಕ್ಕ ಅನುಮತಿ 180 ದಿನ ನಡೆಯುತ್ತದೆ, ಅದನ್ನು ಕಂಪ್ಯೂಟರ್ ಏಳು ದಿನಕ್ಕೊಮ್ಮೆ ನವೀಕರಿಸಿಕೊಳ್ಳಲು ಯತ್ನಿಸುತ್ತಿರುತ್ತದೆ. ಅನಧಿಕೃತ ಸಾಧನಗಳಲ್ಲಿ ಹಲವು ಈ ಸರ್ವರಿನ ವೇಷವನ್ನು ಹಾಕಿ ವಿಂಡೋಸನ್ನು ನಂಬಿಸುತ್ತವೆ. ಅದಕ್ಕಾಗಿ ಅವು ಕಂಪ್ಯೂಟರಿನ ಮೇಲೆ ಪೂರ್ಣ ಆಡಳಿತಾಧಿಕಾರವನ್ನು ಕೇಳುತ್ತವೆ, ಅನುಮತಿ ಮುಗಿಯದಂತೆ ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಓಡುತ್ತಿರುತ್ತವೆ. ಆದ್ದರಿಂದ ಕಳ್ಳತನದ ಬೇರಾವ ಉದ್ದೇಶವಿಲ್ಲದ ಸಾಧನವನ್ನು ಕಂಡರೂ ಡಿಫೆಂಡರ್ ಎಚ್ಚರಿಸುತ್ತದೆ. ಹ್ಯಾಕ್‌ಟೂಲ್ ಎಂಬ ಹಣೆಪಟ್ಟಿ ಹಚ್ಚುತ್ತದೆ.

ಮೊದಲ ಸಲ ಎಚ್ಚರಿಕೆಯನ್ನು ಕಡೆಗಣಿಸಿದಾಗ ಮೇಲ್ನೋಟಕ್ಕೆ ಏನೂ ಆಗುವುದಿಲ್ಲ, ವಿಂಡೋಸ್ ಸಕ್ರಿಯವಾಗುತ್ತದೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ಕೆಂಪು ಎಚ್ಚರಿಕೆ ಕಂಡಾಗ ಕೈ ತಾನಾಗಿಯೇ ಅದನ್ನು ಆಫ್ ಮಾಡುವ ಗುಂಡಿಯ ಕಡೆಗೆ ಹೋಗುತ್ತದೆ. ನನ್ನ ಅನುಭವದಲ್ಲಿ ಈ ಸಾಧನಗಳು ಮಾಡುವ ಅತಿ ದೊಡ್ಡ ಕೇಡು ಇದು: ನಿಜವಾದ ಎಚ್ಚರಿಕೆಗೂ ಸುಳ್ಳು ಎಚ್ಚರಿಕೆಗೂ ಇರುವ ವ್ಯತ್ಯಾಸವನ್ನು ಬಳಕೆದಾರರ ಮನಸ್ಸಿನಿಂದ ಅಳಿಸಿಹಾಕುತ್ತವೆ. ಕುತಂತ್ರಾಂಶ ಹರಡುವವರು ಈ ಅಭ್ಯಾಸವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಕೆಎಂಎಸ್‌ಪಿಕೋ ಎಂಬ ಸಕ್ರಿಯಗೊಳಿಕೆ ಸಾಧನದ ಹೆಸರಿನಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶವನ್ನು ಹಂಚುತ್ತಿದ್ದುದನ್ನು ಅಮೆರಿಕದ ರೆಡ್ ಕ್ಯಾನರಿ ಕಂಪನಿ 2021ರ ಡಿಸೆಂಬರಿನಲ್ಲಿ ಬಯಲು ಮಾಡಿತು. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕ್ರಿಪ್ಟೋ ಕರೆನ್ಸಿಯ ಕೀಲಿಗಳನ್ನೂ ಕದಿಯುತ್ತಿತ್ತು. ಕ್ರ್ಯಾಕ್ ಮತ್ತು ಆ್ಯಕ್ಟಿವೇಟರುಗಳ ಜೊತೆ ಬರುವ ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಕುಟುಂಬವಂತೂ ಮನೆಬಳಕೆಯ ಕಂಪ್ಯೂಟರುಗಳನ್ನೇ ಹಿಡಿಯುತ್ತದೆ. ಕಡತಗಳಿಗೆ ಬೀಗ ಜಡಿದು ಅದು ಬಹುಕಾಲ 980 ಡಾಲರ್ ಕೇಳುತ್ತಿತ್ತು, 72 ಗಂಟೆಯೊಳಗೆ ಸಂಪರ್ಕಿಸಿದರೆ 490ಕ್ಕೆ ಇಳಿಸುವುದಾಗಿ ಹೇಳುತ್ತಿತ್ತು.

ಮೊದಲ 13 ದಿನ

ಯುರೋಪಿನ ಆ ಲ್ಯಾಪ್‌ಟಾಪಿಗೆ ಹೊಕ್ಕದ್ದು ಕಡತಗಳಿಗೆ ಬೀಗ ಹಾಕುವ ಬಗೆಯದಲ್ಲ, ಮಾಹಿತಿ ಕದಿಯುವ ಬಗೆಯದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನು ಅದು ದಾಖಲಿಸುತ್ತಿತ್ತು. ಬ್ರೌಸರಿನ ಮಾಹಿತಿ, ಕುಕೀಗಳು, ಕ್ಲಿಪ್‌ಬೋರ್ಡಿನಲ್ಲಿ ಇದ್ದದ್ದು ಎಲ್ಲವನ್ನೂ ಕಳಿಸುತ್ತಿತ್ತು. ಇಂಥ ತಂತ್ರಾಂಶಗಳ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ "ನನ್ನ ಲ್ಯಾಪ್‌ಟಾಪಿನಲ್ಲಿ ಕದಿಯುವಂಥದ್ದು ಏನಿದೆ?" ಎಂಬ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಬ್ರೌಸರ್ ನಮ್ಮ ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲಿಯೇ ಉಳಿಸುತ್ತದೆ, ನಿಜ. ಆದರೆ ವಿಂಡೋಸಿನಲ್ಲಿ ಆ ಗೂಢಲಿಪಿಯ ಕೀಲಿ ಬಹುಕಾಲದಿಂದ ಬಳಕೆದಾರರ ಖಾತೆಗೆ ಹೊಂದಿಕೊಂಡಿತ್ತು. ಅದೇ ಖಾತೆಯ ಅಡಿಯಲ್ಲಿ ಓಡುವ ಕುತಂತ್ರಾಂಶವು ಬ್ರೌಸರಿನಂತೆಯೇ ಆ ಕೀಲಿಯನ್ನು ಕೇಳಿ ಪಡೆಯಬಲ್ಲದಾಗಿತ್ತು. ಕುಕೀ ಎಂಬುದು ಒಮ್ಮೆ ಲಾಗಿನ್ ಆದವರ ಕೈಗೆ ಸೈಟು ಕೊಡುವ ಗುರುತಿನ ಚೀಟಿ. ಅದು ಕಳ್ಳರ ಕೈಗೆ ಸಿಕ್ಕರೆ, ಚೀಟಿಯ ಅವಧಿ ಮುಗಿಯುವವರೆಗೂ ಪಾಸ್‌ವರ್ಡ್ ಕೇಳದೆಯೇ ಖಾತೆ ತೆರೆದುಕೊಳ್ಳಬಹುದು. ಇದೆಲ್ಲವನ್ನು ಕಟ್ಟಿ ಹೊರಗೆ ಸಾಗಿಸಲು ಕೆಲವು ನಿಮಿಷ ಸಾಕು.

ಸಾಗಿಹೋದವುಗಳಲ್ಲಿ ಸಂಶೋಧನಾ ಸಂಸ್ಥೆಯ ಜಾಲವನ್ನು ಪ್ರವೇಶಿಸುವ ವಿದ್ಯಾರ್ಥಿಯ ಹೆಸರು ಮತ್ತು ಪಾಸ್‌ವರ್ಡ್ ಕೂಡ ಇದ್ದವು. ಕದ್ದವರು ಅವನ್ನು ತಾವೇ ಬಳಸಿದರೆಂದು ತನಿಖಾಧಿಕಾರಿಗಳು ಭಾವಿಸಲಿಲ್ಲ. ಕದ್ದ ಪ್ರವೇಶವನ್ನು ಕೊಳ್ಳುವ ಮತ್ತು ಮಾರುವ ಒಂದು ಕತ್ತಲ ಮಾರುಕಟ್ಟೆಯೇ ಇದೆ. ಅಲ್ಲಿ ಇಂಥ ಸಂಸ್ಥೆಯ ಕೀಲಿಗೆ ಬೆಲೆ ಇದೆ. ಕುತಂತ್ರಾಂಶ ಹಂಚಿದವರು ಈ ಪ್ರವೇಶವನ್ನು ಬೇರೆ ದಾಳಿಕೋರರಿಗೆ ಮಾರಿರಬೇಕು ಎಂಬುದು ಸೋಫೋಸ್ ತಂಡದ ತೀರ್ಮಾನ.

ಕಡತ ತೆರೆದ ಹದಿಮೂರನೆಯ ದಿನ, ವಿದ್ಯಾರ್ಥಿಯ ಹೆಸರಿನಲ್ಲಿ ಸಂಸ್ಥೆಯ ಜಾಲಕ್ಕೆ, ಕಂಪ್ಯೂಟರನ್ನು ದೂರದಿಂದಲೇ ಬಳಸಲು ಬಿಡುವ, ಒಂದು ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಬಂತು. ಸಂಪರ್ಕಿಸಿದ ಕಂಪ್ಯೂಟರಿನ ಹೆಸರು "ಟೊಟೊರೊ" ಎಂದಿತ್ತು. ಇದು ಕಳ್ಳ ಸಂಪರ್ಕವೆಂದು ಮುಂದೆ ತಿಳಿದದ್ದು ಒಂದು ಸಣ್ಣ, ಬಹಳ ಸಾಧಾರಣವಾದ ಕುರುಹಿನಿಂದ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ದೂರದಿಂದ ಸಂಪರ್ಕಿಸಿದವರು ತಮ್ಮ ಬಳಿಯಿರುವ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳಲು ಅನುಕೂಲವಾಗಲೆಂದು, ಆ ಪ್ರಿಂಟರನ್ನು ನಡೆಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಈಚೆಯ ಕಂಪ್ಯೂಟರಿನಲ್ಲಿ ತಾನಾಗಿ ಸೇರಿಕೊಳ್ಳುತ್ತದೆ. ಹಾಗೆ ಸೇರಿಕೊಂಡಿದ್ದ ಡ್ರೈವರ್ ರಷ್ಯನ್ ಭಾಷೆಯದಾಗಿತ್ತು. ಬಂದವರು ತಮಗೇ ತಿಳಿಯದೆ ತಮ್ಮ ಪ್ರಿಂಟರಿನ ಗುರುತನ್ನು ಬಾಗಿಲಲ್ಲಿ ಬಿಟ್ಟುಹೋಗಿದ್ದರು. ದಾಖಲೆಯಲ್ಲಿ ಅದು ಇತ್ತು. ದಾಳಿ ಮುಗಿದ ಮೇಲೆ ತನಿಖೆಗೆ ಬಂದವರ ಕಣ್ಣಿಗೆ ಬೀಳುವವರೆಗೂ ಹಾಗೆಯೇ ಇತ್ತು.

ಉಳಿದ 10 ದಿನ

ಅದಾಗಿ ಹತ್ತು ದಿನಕ್ಕೆ ರ್ಯೂಕ್ ಎಂಬ ರ‍್ಯಾನ್ಸಮ್‌ವೇರ್ ಸಂಸ್ಥೆಯ ಜಾಲದಲ್ಲಿ ಓಡಿತು. 2018ರ ಆಗಸ್ಟಿನಲ್ಲಿ ಮೊದಲು ಕಾಣಿಸಿಕೊಂಡ ರ್ಯೂಕ್, ಒಂಟಿ ಕಂಪ್ಯೂಟರುಗಳನ್ನು ಬಿಟ್ಟು ದೊಡ್ಡ ಸಂಸ್ಥೆಗಳನ್ನೇ ಆರಿಸಿ ಹೊಡೆಯುವುದಕ್ಕೆ ಕುಖ್ಯಾತವಾಗಿತ್ತು. ಆಸ್ಪತ್ರೆಗಳ ಮೇಲೆ ಅದರ ದಾಳಿ ಹೆಚ್ಚಿದ್ದರಿಂದ 2020ರ ಅಕ್ಟೋಬರಿನಲ್ಲಿ ಅಮೆರಿಕದ ಎಫ್‌ಬಿಐ, ಸೈಬರ್ ಭದ್ರತಾ ಸಂಸ್ಥೆ ಮತ್ತು ಆರೋಗ್ಯ ಇಲಾಖೆ ಒಟ್ಟಾಗಿ ಎಚ್ಚರಿಕೆ ಹೊರಡಿಸಬೇಕಾಯಿತು. ಜಗತ್ತು ಸಾಂಕ್ರಾಮಿಕದ ನಡುವಿದ್ದ ಕಾಲ ಅದು. ಕೋವಿಡ್ ಸಂಶೋಧನೆಯಲ್ಲಿದ್ದ ಸಂಸ್ಥೆಯೊಂದಕ್ಕೆ ಒಂದು ದಿನದ ತಡವೂ ಸಣ್ಣದಾಗಿರಲಿಲ್ಲ.

ಸಂಸ್ಥೆಯಲ್ಲಿ ಬ್ಯಾಕಪ್ ಇತ್ತು, ಆದರೆ ಪೂರ್ತಿ ಅಂದಂದಿನದಾಗಿರಲಿಲ್ಲ. ಒಂದು ವಾರದ ಮಹತ್ವದ ಸಂಶೋಧನಾ ದತ್ತಾಂಶ ಮತ್ತೆ ಸಿಗದಂತೆ ಹೋಯಿತು. ವಾರ ಎಂದು ಬರೆಯುವುದು ಸುಲಭ. ಜೀವಕೋಶಗಳ ಮೇಲಿನ ಪ್ರಯೋಗವೊಂದರಲ್ಲಿ ವಾರವೆಂದರೆ ಗಂಟೆಗಂಟೆಗೆ ತೆಗೆದ ಅಳತೆಗಳು. ಮತ್ತೆ ಮಾಡಬೇಕೆಂದರೆ ಹೊಸ ಮಾದರಿ ಬೇಕು, ಉಪಕರಣದ ಸರದಿಗಾಗಿ ಮತ್ತೆ ಕಾಯಬೇಕು. ಉಳಿದ ದತ್ತಾಂಶವನ್ನಾದರೂ ಬ್ಯಾಕಪ್‌ನಿಂದ ತಕ್ಷಣ ಮರಳಿ ತರಲಾಗಲಿಲ್ಲ, ಏಕೆಂದರೆ ಅದಕ್ಕೆ ಮೊದಲು ಎಲ್ಲ ಕಂಪ್ಯೂಟರ್ ಮತ್ತು ಸರ್ವರುಗಳನ್ನು ಬುಡದಿಂದ ಮತ್ತೆ ಕಟ್ಟಬೇಕಾಯಿತು. ಹೊರಗಿನವರು ದಿನಗಟ್ಟಲೆ ಒಳಗೆ ಓಡಾಡಿಹೋದ ಜಾಲದಲ್ಲಿ ಯಾವ ಯಂತ್ರವನ್ನು ನಂಬುವುದು, ಎಲ್ಲಿ ಮತ್ತೊಂದು ಹಿಂಬಾಗಿಲು ಇದೆಯೋ ಎಂದು ಹೇಗೆ ತಿಳಿಯುವುದು?

ಆ ತಂತ್ರಾಂಶದ ಬೆಲೆ ವರ್ಷಕ್ಕೆ ನೂರಾರು ಡಾಲರ್. ಉಳಿಸಲು ಹೊರಟದ್ದು ಅಷ್ಟನ್ನು.

ಹೊಣೆ ಯಾರದು

ತಪ್ಪು ವಿದ್ಯಾರ್ಥಿಯದು ಎಂದು ಹೇಳಿ ಕಡತ ಮುಚ್ಚುವುದು ಸುಲಭ. ತಪ್ಪು ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪಿನಲ್ಲಿ ಆದ ಒಂದು ತಪ್ಪು ಇಡೀ ಸಂಸ್ಥೆಯನ್ನು ಉರುಳಿಸುವಂತಿದ್ದರೆ, ಆ ಸಂಸ್ಥೆಯ ಜಾಲದ ರಚನೆಯಲ್ಲೇ ದೋಷವಿತ್ತು ಎನ್ನಬೇಕು. ಹೊರಗಿನಿಂದ ಬರುವ ಪ್ರತಿ ಸಂಪರ್ಕಕ್ಕೂ ಎರಡನೆಯ ಹಂತದ ದೃಢೀಕರಣ ಇದ್ದಿದ್ದರೆ, ಕದ್ದ ಪಾಸ್‌ವರ್ಡನ್ನು ಕೊಂಡವರು ಬಾಗಿಲಲ್ಲೇ ನಿಲ್ಲುವ ಸಾಧ್ಯತೆ ಬಹಳವಿತ್ತು. ವಿದ್ಯಾರ್ಥಿಯ ಖಾತೆಯಿಂದ ತಲುಪಬಹುದಾದ ಜಾಲದ ಭಾಗವನ್ನು ಸಂಶೋಧನಾ ಸರ್ವರುಗಳಿಂದ ಬೇರ್ಪಡಿಸಿದ್ದರೆ, ರಿಮೋಟ್ ಡೆಸ್ಕ್‌ಟಾಪ್ ಯಾರಿಗೆ ಬೇಕೋ ಅವರಿಗಷ್ಟೇ ತೆರೆದಿದ್ದರೆ, ಅಪರಿಚಿತ ಹೆಸರಿನ ಕಂಪ್ಯೂಟರಿನಿಂದ ಬಂದ ಸಂಪರ್ಕವನ್ನು ಆ ದಿನವೇ ಯಾರಾದರೂ ಗಮನಿಸಿದ್ದರೆ, ದಾಳಿಯನ್ನು ತಡೆಯಲು ಇನ್ನೂ ಹತ್ತು ದಿನ ಕೈಯಲ್ಲಿದ್ದವು.

ಇವೆಲ್ಲ ಭದ್ರತಾ ತಜ್ಞರು ಹೇಳುವ ಮಾತುಗಳು, ಒಪ್ಪತಕ್ಕವೇ. ಇವುಗಳ ಜೊತೆಗೆ ನಾನು ಸೇರಿಸಬಯಸುವುದು ಒಂದೇ: ಕೆಲಸಕ್ಕೆ ಬೇಕಾದ ಸಲಕರಣೆಯನ್ನು ಒದಗಿಸುವುದು ಕೂಡ ಭದ್ರತೆಯ ಭಾಗವೇ. ಸಂಶೋಧನೆ ಮಾಡು ಎಂದು ಹೇಳಿ, ಅದಕ್ಕೆ ಬೇಕಾದ ತಂತ್ರಾಂಶವನ್ನು ನೀನೇ ಹೇಗಾದರೂ ಹೊಂದಿಸಿಕೋ ಎಂದು ಬಿಟ್ಟರೆ ವಿದ್ಯಾರ್ಥಿ ಹೇಗಾದರೂ ಹೊಂದಿಸಿಕೊಳ್ಳುತ್ತಾನೆ. ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ವರದಿಯನ್ನು ಇಂಥದೇ ತಂತ್ರಾಂಶದಲ್ಲಿ ಸಿದ್ಧಪಡಿಸಬೇಕೆಂದು ಸೂಚನಾ ಫಲಕದಲ್ಲಿ ಹಾಕುವವರು, ಅದರ ಪರವಾನಗಿ ಎಲ್ಲಿ ಸಿಗುತ್ತದೆ ಎಂದು ಅದೇ ಕಾಗದದಲ್ಲಿ ಬರೆದದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಅದೇ ಇಕ್ಕಟ್ಟಿನಲ್ಲಿದ್ದ ಇನ್ನೊಬ್ಬ ಸಂಶೋಧಕ

ಸರಿಯಾದ ದಾರಿಗಳು ಯಾವುವು ಎಂಬ ಮಾತಿಗೆ ಬಂದಾಗ ನನಗೆ ಜಾನ್ ಹಂಟರ್ ನೆನಪಾಗುತ್ತಾರೆ. ಅಮೆರಿಕದ ನರಜೀವವಿಜ್ಞಾನಿಯಾಗಿದ್ದ ಹಂಟರ್, 2000ದ ದಶಕದ ಆರಂಭದಲ್ಲಿ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ವಿಶ್ಲೇಷಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಅದಕ್ಕಾಗಿ ಇದ್ದ ವಾಣಿಜ್ಯ ತಂತ್ರಾಂಶಕ್ಕೆ ಒಂದೇ ಒಂದು ಪರವಾನಗಿ. ಅದು ಕಂಪ್ಯೂಟರಿಗೆ ಚುಚ್ಚುವ ಒಂದು ಡಾಂಗಲ್‌ಗೆ ಕಟ್ಟುಬಿದ್ದಿತ್ತು. ವೈದ್ಯಕೀಯ ವಿದ್ಯಾರ್ಥಿಗಳು, ಎಂಜಿನಿಯರುಗಳು, ವಿಜ್ಞಾನಿಗಳು ಎಲ್ಲರೂ ಆ ಡಾಂಗಲನ್ನು ಸರದಿಯ ಮೇಲೆ ಬಳಸಬೇಕಾಗಿತ್ತು. ಯುರೋಪಿನ ವಿದ್ಯಾರ್ಥಿಯ ಇಕ್ಕಟ್ಟೇ ಅವರದೂ: ದತ್ತಾಂಶ ಕೈಯಲ್ಲಿದೆ, ಅದನ್ನು ಚಿತ್ರವಾಗಿ ನೋಡುವ ಸಲಕರಣೆ ಕೈಗೆ ಸಿಗುತ್ತಿಲ್ಲ. ಹಂಟರ್ ಪೈಥಾನ್ ಭಾಷೆಯಲ್ಲಿ ತಾವೇ ಒಂದು ಸಲಕರಣೆಯನ್ನು ಬರೆಯತೊಡಗಿದರು, ಬರೆದದ್ದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದೇ ಇಂದಿನ ಮ್ಯಾಟ್‌ಪ್ಲಾಟ್‌ಲಿಬ್. ಹಂಟರ್ 2012ರಲ್ಲಿ ತೀರಿಕೊಂಡರು. ಅವರು ಆರಂಭಿಸಿದ ಸಲಕರಣೆಯಲ್ಲಿ ಇಂದು ಜಗತ್ತಿನ ಎಲ್ಲ ಕಡೆಯ ಪ್ರಬಂಧಗಳ ನಕ್ಷೆಗಳು ಮೂಡುತ್ತಿವೆ. ಎಲ್ಲರೂ ಹಂಟರ್ ಆಗಬೇಕಿಲ್ಲ. ಆದರೆ ಅವರು ಮತ್ತು ಅವರಂಥವರು ಬಿಟ್ಟುಹೋದದ್ದು ನಮ್ಮೆಲ್ಲರ ಕೈಗೆ ಎಟುಕುವಂತಿರುವಾಗ ಅದನ್ನು ಕಡೆಗಣಿಸಿ ಕ್ರ್ಯಾಕ್ ಹುಡುಕುವುದನ್ನು ಕಂಡರೆ ನನಗೆ ನೋವಾಗುತ್ತದೆ.

ಆ ವಿದ್ಯಾರ್ಥಿಗೆ ಬೇಕಾಗಿದ್ದ ತಂತ್ರಾಂಶ ಯಾವುದೆಂದು ಪ್ರಕಟವಾಗಿಲ್ಲ. ಆದರೆ ಜೈವಿಕ ಅಣುಗಳ ಕ್ಷೇತ್ರದಲ್ಲಿ ಉಚಿತ ದಾರಿಗಳಿಗೆ ಬರವಿಲ್ಲ. ಅಣುಗಳ ರಚನೆಯನ್ನು ನೋಡಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಮೆರಾಎಕ್ಸ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ವಿಎಂಡಿ ಇವೆ. ಲಾಭದ ಉದ್ದೇಶವಿಲ್ಲದ ಸಂಶೋಧನೆಗೆ ಇವೆರಡಕ್ಕೂ ಹಣ ಕೊಡಬೇಕಿಲ್ಲ. ಪೈಮಾಲ್‌ನ ಮುಕ್ತ ಮೂಲದ ಆವೃತ್ತಿ ಇದೆ. ಸಂಖ್ಯಾಶಾಸ್ತ್ರ ಮತ್ತು ನಕ್ಷೆಗಳಿಗೆ ಆರ್ ಇದೆ, ಮೂರು ಆಯಾಮದ ದೊಡ್ಡ ದತ್ತಾಂಶಕ್ಕೆ ಪ್ಯಾರಾವ್ಯೂ ಇದೆ, ಗಣಿತ ಲೆಕ್ಕಾಚಾರದ ವಾಣಿಜ್ಯ ತಂತ್ರಾಂಶವಾದ ಮ್ಯಾಟ್‌ಲ್ಯಾಬ್ ಬೇಕಾದ ಹಲವು ಕೆಲಸಗಳಿಗೆ ಗ್ನೂ ಆಕ್ಟೇವ್ ಸಾಕಾಗುತ್ತದೆ. ಬೇಕಾದದ್ದು ಮ್ಯಾಟ್‌ಲ್ಯಾಬೇ ಆದರೂ, ಅದರ ಕ್ಯಾಂಪಸ್ ಪರವಾನಗಿ ಪಡೆದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ಸ್ವಂತ ಕಂಪ್ಯೂಟರಿನಲ್ಲಿಯೂ ಅದನ್ನು ಅಧಿಕೃತವಾಗಿ ಹಾಕಿಕೊಳ್ಳಬಹುದು. ಹಲವರಿಗೆ ಇದು ತಿಳಿದೇ ಇರುವುದಿಲ್ಲ. ಅದಕ್ಕೇ ವಿಭಾಗದಲ್ಲಿ ಅಥವಾ ಗ್ರಂಥಾಲಯದಲ್ಲಿ ಕೇಳಿ ನೋಡುವುದನ್ನು ಮೊದಲ ಹೆಜ್ಜೆಯಾಗಿಸಬೇಕೆಂದು ನಾನು ಒತ್ತಿ ಹೇಳುವುದು. ಹೊಸದನ್ನು ಕಲಿಯುವ ತೊಂದರೆ ನಿಜವಾದದ್ದೇ. ಕನ್ನಡದಲ್ಲಿ ಕಲಿಯಬಯಸುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹಲವು ಮುಕ್ತ ತಂತ್ರಾಂಶಗಳ ಪಾಠಗಳು ಕನ್ನಡ ಧ್ವನಿಯಲ್ಲಿಯೇ ಉಚಿತವಾಗಿ ಸಿಗುತ್ತವೆ.

ವಿಂಡೋಸ್ ಮತ್ತು ಆಫೀಸ್ ವಿಷಯ ಇನ್ನೂ ಸರಳ. ಅಂಗಡಿಯಲ್ಲಿ ವಿಂಡೋಸ್ ಸಹಿತ ಕೊಂಡ ಲ್ಯಾಪ್‌ಟಾಪುಗಳಿಗೆ ಪರವಾನಗಿ ಆ ಯಂತ್ರಕ್ಕೇ ಹೊಂದಿಕೊಂಡಿರುತ್ತದೆ. ಅದೇ ಆವೃತ್ತಿಯ ವಿಂಡೋಸನ್ನು ಮತ್ತೆ ಹಾಕಿ ಅಂತರಜಾಲಕ್ಕೆ ಸೇರಿಸಿದರೆ ಅದು ತಾನಾಗಿ ಸಕ್ರಿಯವಾಗುತ್ತದೆ. ಆದರೂ ರಿಪೇರಿಗೆ ಕೊಟ್ಟ ಕಡೆ, ಯಂತ್ರಕ್ಕೆ ಬಂದ ಆವೃತ್ತಿಯನ್ನು ನೋಡದೆ ಬೇರೊಂದನ್ನು ಹಾಕಿ, ಅದಕ್ಕೆ ಆ್ಯಕ್ಟಿವೇಟರ್ ಓಡಿಸಿ ಕಳಿಸಿದ ಲ್ಯಾಪ್‌ಟಾಪುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಇದ್ದ ಸಕ್ರಮ ಪರವಾನಗಿಯನ್ನು ಬಿಟ್ಟು ಇಲ್ಲದ ಅಪಾಯವನ್ನು ತಂದುಕೊಂಡಂತೆ ಅದು. ಆಫೀಸಿನ ವರ್ಡ್ ಮತ್ತು ಎಕ್ಸೆಲ್ ಬ್ರೌಸರಿನಲ್ಲಿ ಉಚಿತವಾಗಿ ದೊರೆಯುತ್ತವೆ. ಕಂಪ್ಯೂಟರಿನಲ್ಲೇ ಬೇಕೆಂದರೆ ಲಿಬ್ರೆ ಆಫೀಸ್ ಇದೆ, ಅದರಲ್ಲಿ ಯೂನಿಕೋಡ್ ಕನ್ನಡ ಬರೆಯಲು ಅಡ್ಡಿಯಿಲ್ಲ. ಹಳೆಯ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ಆಯ್ಕೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲಂತೂ ಅದನ್ನು ಗಂಭೀರವಾಗಿ ಯೋಚಿಸಬೇಕು. ಕೆಲವು ನೂರು ರೂಪಾಯಿಗೆ ಕೀಲಿ ಮಾರುವವರಿಂದ ಮಾತ್ರ ದೂರವಿರುವುದು ಒಳ್ಳೆಯದು. ಅವುಗಳಲ್ಲಿ ಎಷ್ಟೋ ಯಾವುದೋ ಸಂಸ್ಥೆಗೆಂದು ಕೊಟ್ಟು ಹೊರಗೆ ಸೋರಿದ ಕೀಲಿಗಳು. ಮೈಕ್ರೋಸಾಫ್ಟ್ ಅವನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಕಂಪ್ಯೂಟರ್ ತಂತ್ರಾಂಶದ ಅಕ್ರಮ ಪ್ರತಿಯನ್ನು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲದಿದ್ದರೆ, ನ್ಯಾಯಾಲಯ ಕಾರಣ ಬರೆದು ಸೆರೆವಾಸವನ್ನು ಬಿಟ್ಟು 50,000ದವರೆಗೆ ದಂಡವನ್ನಷ್ಟೇ ವಿಧಿಸಬಹುದು. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನೇ ಅಪರಾಧವೆಂದು ಹೇಳುತ್ತದೆ.

ಆ ಲ್ಯಾಪ್‌ಟಾಪಿಗೆ ಮಾಡಿದ್ದು

ನಮ್ಮ ವಿದ್ಯಾರ್ಥಿನಿಯ ಲ್ಯಾಪ್‌ಟಾಪನ್ನು ಮೊದಲು ವೈಫೈನಿಂದ ಬಿಡಿಸಿದೆವು. ಡಿಫೆಂಡರಿನ ವಿನಾಯಿತಿ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿಯಾಗಿ ಸೇರಿಹೋಗಿತ್ತು; ಎಂದರೆ ಆ ದಿನದಿಂದ ಅಲ್ಲಿಗೆ ಏನೇ ಬಂದು ಬಿದ್ದರೂ ಕಾವಲು ಇರಲಿಲ್ಲ. ಅವಳದಲ್ಲದ ಎರಡು ಕೆಲಸಗಳು, ನಿಗದಿತ ಹೊತ್ತಿಗೆ ತಾವಾಗಿ ಓಡುವ ಕೆಲಸಗಳ ಪಟ್ಟಿಯಾದ ಟಾಸ್ಕ್ ಶೆಡ್ಯೂಲರಿನಲ್ಲಿ ಕಂಡವು. ಒಂದೊಂದನ್ನೇ ಅಳಿಸುತ್ತಾ ಕೂರುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಕಂಡದ್ದನ್ನು ಅಳಿಸಬಹುದು, ಕಾಣದ್ದನ್ನು ಅಳಿಸುವುದು ಹೇಗೆ? ಅವಳ ಟಿಪ್ಪಣಿ, ಫೋಟೋ ಮತ್ತು ಪ್ರಾಜೆಕ್ಟಿನ ಕಡತಗಳನ್ನಷ್ಟೇ ಬೇರೆ ಡಿಸ್ಕಿಗೆ ತೆಗೆದು, ತಪಾಸಣೆ ಮಾಡಿ, ಮೈಕ್ರೋಸಾಫ್ಟಿನ ತಾಣದಿಂದಲೇ ಇಳಿಸಿದ ವಿಂಡೋಸನ್ನು ಹೊಸದಾಗಿ ಹಾಕಿದೆವು. ಯಂತ್ರದ ಜೊತೆ ಬಂದಿದ್ದ ಪರವಾನಗಿ ಹಾಗೆಯೇ ಇತ್ತು, ಅಂತರಜಾಲ ಸಿಕ್ಕ ಕೂಡಲೇ ವಿಂಡೋಸ್ ಸಕ್ರಿಯವಾಯಿತು.

ಈ ನಡುವೆ ಅವಳು ತಂದೆಯವರ ಬ್ಯಾಂಕ್ ಖಾತೆಯನ್ನೂ ಅದೇ ಬ್ರೌಸರಿನಲ್ಲಿ ತೆರೆದಿದ್ದಳೆಂದು ತಿಳಿಯಿತು. ಪಾಸ್‌ವರ್ಡ್ ಈಗಲೇ ಬದಲಿಸುತ್ತೇನೆ ಎಂದು ಅವಳು ಕೀಲಿಮಣೆಗೆ ಕೈ ಹಾಕಿದ್ದು, ಇನ್ನೂ ಶುದ್ಧವಾಗದ ಅದೇ ಲ್ಯಾಪ್‌ಟಾಪಿನಲ್ಲಿ. ಅದನ್ನು ತಡೆದು, ಪ್ರಯೋಗಾಲಯದ ಬೇರೊಂದು ಕಂಪ್ಯೂಟರಿನಲ್ಲಿ ಅವಳನ್ನು ಕೂರಿಸಿದೆ. ಮೊದಲು ಇಮೇಲ್, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡುಗಳನ್ನು ಅದರಿಂದಲೇ ಮತ್ತೆ ಪಡೆಯಬಹುದು. ಆಮೇಲೆ ಬ್ಯಾಂಕು, ಆಮೇಲೆ ಕಾಲೇಜಿನ ಖಾತೆ. ಪ್ರತಿಯೊಂದರಲ್ಲೂ ಎಲ್ಲ ಸಾಧನಗಳಿಂದ ಲಾಗ್ ಔಟ್ ಆಗುವ ಆಯ್ಕೆಯನ್ನು ಒತ್ತಿಸಿದೆ, ಕದ್ದ ಕುಕೀಗಳಿದ್ದರೆ ಅವು ಕೆಲಸಕ್ಕೆ ಬಾರದಂತಾಗಲಿ ಎಂದು. ಎರಡನೆಯ ಹಂತದ ದೃಢೀಕರಣ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಹಾಕಿಸಿದೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕೆಂದು ತಂದೆಯವರಿಗೆ ಅವಳೇ ಫೋನಿನಲ್ಲಿ ವಿವರಿಸಿದಳು. ಪುಣ್ಯಕ್ಕೆ ಹೋಗಿರಲಿಲ್ಲ.

ಅವಳು ಆ ಕ್ರ್ಯಾಕನ್ನು ಹುಡುಕಿದ್ದು ಪ್ರಾಜೆಕ್ಟಿಗೆ ಬೇಕಾದ ನಾಲ್ಕು ನಕ್ಷೆಗಳಿಗಾಗಿ. ಆ ಸಂಜೆಯೇ ಆರ್ ಹಾಕಿಕೊಟ್ಟೆ. ಮೊದಲ ನಕ್ಷೆಗೆ ಅವಳಿಗೆ ಮೂರು ದಿನ ಹಿಡಿಯಿತು, ಉಳಿದ ಮೂರನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಈಗ ಪ್ರಯೋಗಾಲಯದ ಬಾಗಿಲ ಬಳಿ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ: ಯಾರಿಗೆ ಯಾವ ತಂತ್ರಾಂಶ ಬೇಕು, ಯಾವ ಕೆಲಸಕ್ಕೆ ಬೇಕು ಎಂದು ಬರೆಯಲು. ಅದರ ಮೊದಲ ಪುಟದ ಮೊದಲ ಸಾಲು ಅವಳ ಕೈಬರಹದಲ್ಲಿದೆ.